ಫೋಟೋದ ಕೆಳಗಿದ್ದ ಊರು

ಅವ್ವ ಸತ್ತ ಮೇಲೆ ನನಗೆ ಫೋಟೋಗಳ ಮೇಲಿದ್ದ ನಂಬಿಕೆ ಹೋಯಿತು. ಮನುಷ್ಯರ ಮೇಲಿದ್ದದ್ದು ಅದಕ್ಕೂ ಮುಂಚೆಯೇ, ತಮ್ಮನ ಮಗನ ಮದುವೆಯ ಚಪ್ಪರದಲ್ಲಿ ಹೋಗಿತ್ತು. ಆದ್ದರಿಂದ ಮದುವೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಕಡೆ ಮದುವೆಯಲ್ಲಿ ಮದುಮಗನ ಜೊತೆ ಕಳಸ ಹಿಡಿದು ನಿಲ್ಲುವವಳಿಗೆ ಕಳಸಗಿತ್ತಿ ಎನ್ನುತ್ತಾರೆ. ಅಕ್ಕತಂಗಿಯರಿದ್ದರೆ ಅವರು ನಿಲ್ಲಬೇಕು, ಇಲ್ಲದಿದ್ದರೆ ಸೋದರತ್ತೆ. ತಮ್ಮನಿಗೆ ಹೆಣ್ಣುಮಕ್ಕಳಿಲ್ಲ, ನಾನು ಅವನಿಗೆ ಒಬ್ಬಳೇ ಅಕ್ಕ. ಆ ಹುಡುಗ ತೊಟ್ಟಿಲಲ್ಲಿದ್ದಾಗಿನಿಂದ ಹಟ್ಟಿಯ ಹೆಂಗಸರು ನನ್ನನ್ನು ಕಳಸಗಿತ್ತಿ ಎಂದೇ ರೇಗಿಸುತ್ತಿದ್ದರು. ಆದರೆ ಅವನು ಬಾಸಿಂಗ ಕಟ್ಟಿಕೊಳ್ಳುವ ಹೊತ್ತಿಗೆ ನನ್ನ ಗಂಡ ತೀರಿಹೋಗಿದ್ದರು. ರೇಷ್ಮೆ ಸೀರೆ ಉಟ್ಟು ಹೊಸದುರ್ಗದಿಂದ ಮೊದಲ ಬಸ್ಸಿಗೆ ಹೊರಟು ಯಲ್ಲದಕೆರೆ ಪಕ್ಕದ ನಮ್ಮ ಹಟ್ಟಿಗೆ ಬಂದು ನೋಡಿದರೆ, ಕಳಸ ತಮ್ಮನ ಹೆಂಡತಿಯ ತಂಗಿಯ ಕೈಯಲ್ಲಿತ್ತು. ನನಗೆ ಯಾರೂ ಮುಂಚೆ ಒಂದು ಮಾತು ಹೇಳಿರಲಿಲ್ಲ.

ತಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

"ನಿಂಗೇ ಗೊತ್ತಿರೋದಲ್ವೇನಕ್ಕ? ಶುಭ ಕಾರ್ಯ. ಜನ ಏನಂತಾರೆ?"

"ಜನ ಬಿಡಪ್ಪ, ನೀನೇನಂತೀಯ?"

"ಈಗ ಅದೆಲ್ಲ ಮಾತಾಡೋ ಹೊತ್ತಾ ಇದು?" ಎಂದು ಅಡುಗೆಯವರ ಕಡೆ ಹೊರಟುಹೋದ.

ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ನಾನು. ಗ್ರಹಣದ ದಿನ ತರಗತಿಯಲ್ಲೇ ಕಡಲೆಬೀಜ ಹಂಚಿ ತಿನ್ನಿಸಿದವಳು. ಅಂಥವಳನ್ನು ಸ್ವಂತ ತಮ್ಮ ಅಪಶಕುನ ಎಂದು ಹಿಂದಕ್ಕೆ ಸರಿಸಿದ. ಸಿಟ್ಟು ನೆತ್ತಿಗೇರಿತು. ಊಟಕ್ಕೆ ನಿಲ್ಲದೆ ಹೊರಟೆ. ಬಾಗಿಲಲ್ಲಿ ನಿಂತು ನಾಲ್ಕು ಜನರಿಗೆ ಕೇಳುವ ಹಾಗೆ, "ನೀನಾಗಿ ನನ್ನ ಮನೆಗೆ ಬಂದು ಕರೆಯೋ ತನಕ ಈ ಹೊಸ್ತಿಲು ತುಳಿಯಲ್ಲ" ಎಂದೆ. ಅವನೇನು ಕಮ್ಮಿ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. "ನಾನೂ ಅಷ್ಟೇಯ, ನಿನ್ನ ಅಂಗಳಕ್ಕೆ ಕಾಲಿಡಾಕಿಲ್ಲ ಹೋಗು" ಎಂದ.

ಚೀಲ ತೆಗೆದುಕೊಳ್ಳಲು ಒಳಗೆ ತಿರುಗಿದೆ. ಅವ್ವ ಒಳಕೋಣೆಯಲ್ಲಿದ್ದಳು. ಶುಭಕಾರ್ಯದ ದಿನ ಅವಳ ಜಾಗವೂ ಅದೇ. ನನ್ನ ಜಾಗವೂ ಈಗ ಅದೇ ಎಂದು ಅವಳಿಗೆ ಮೊದಲೇ ತಿಳಿದಿತ್ತೆಂದು ಕಾಣುತ್ತದೆ, ಆಶ್ಚರ್ಯಪಡಲಿಲ್ಲ. ನನ್ನ ಕೈ ಹಿಡಿದುಕೊಂಡು ಒಂದೇ ಒಂದು ಮಾತು ಕೇಳಿದಳು. "ನೀನು ಬರಲ್ಲ, ಅವ್ನು ಕರಿಯಾಕಿಲ್ಲ. ನಾನು ನಿನ್ನ ನೋಡೋದ್ಯಾವಾಗ್ಲೇ?" ಕೈ ಬಿಡಿಸಿಕೊಂಡು ಬಸ್ಸಿಗೆ ಹೊರಟೆ. ಅವನು ಒಂದು ತಿಂಗಳಲ್ಲಿ ಬಂದು ಕರೆಯುತ್ತಾನೆ ಎಂದು ಎಣಿಸಿದ್ದೆ. ಬರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅಕ್ಕ ತಮ್ಮ ಇಬ್ಬರೂ ಹಾಗೆ ಎಳೆದಾಡಿಕೊಂಡು ಕುಳಿತೆವು.

ಅವ್ವನಿಗೆ ಕಿವಿ ದೂರ. ಫೋನಿನಲ್ಲಿ ಮಾತಾಡಿದರೆ "ಹಾಂ? ಹಾಂ?" ಎನ್ನುವುದರಲ್ಲೇ ಮುಗಿಯುತ್ತಿತ್ತು. ಹಾಗಾಗಿ ತಮ್ಮನ ಹೆಂಡತಿ ಪ್ರತಿ ಭಾನುವಾರ ಅವ್ವನದೊಂದು ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಶುರು ಮಾಡಿದಳು. ಅವಳು ಒಳ್ಳೆಯವಳೇ. ಬಾಯಿಲ್ಲದವಳು. ಕಳಸ ತನ್ನ ತಂಗಿಯ ಕೈಗೆ ಹೋದದ್ದಕ್ಕೆ ಅವಳಿಗೆ ನಾಚಿಕೆಯಿತ್ತು, ಆ ನಾಚಿಕೆಯನ್ನು ಹೀಗೆ ತೀರಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಫೋಟೋದ ಜೊತೆ ಒಂದಕ್ಷರವೂ ಇರುತ್ತಿರಲಿಲ್ಲ. ನಾನೂ ಬರೆಯುತ್ತಿರಲಿಲ್ಲ, ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುತ್ತಿದ್ದೆ. ಹೇಗಿದ್ದಾಳೆ, ಏನು ಎಂದು ಕೇಳಿದರೆ ನಾನೇ ಒಂದು ಮೆಟ್ಟಿಲು ಇಳಿದ ಹಾಗಾಗುತ್ತದೆ ಎಂಬ ಜಂಬ. ಅಷ್ಟಕ್ಕೂ ಫೋಟೋದಲ್ಲಿ ಅವ್ವ ಚೆನ್ನಾಗಿಯೇ ಇದ್ದಳು. ಜಗಲಿ ಮೇಲೆ, ಕುರಿರೊಪ್ಪದ ಬೇಲಿ ಮುಂದೆ, ಹುಣಸೆ ಮರದ ಕೆಳಗೆ ಕುರ್ಚಿಯಲ್ಲಿ. ಒಂದೊಂದು ಭಾನುವಾರ ಒಂದೊಂದು ಸೀರೆ. ಎಲ್ಲವೂ ನನ್ನ ಸಂಬಳದಲ್ಲಿ ನಾನು ತಂದುಕೊಟ್ಟ ಸೀರೆಗಳು. ಅದನ್ನು ನೋಡಿ ನನಗೆ ಒಳಗೊಳಗೇ ಹಿಗ್ಗು. ತಮ್ಮನ ಮನೆಯಲ್ಲಿದ್ದರೂ ನನ್ನ ಸೀರೆ ಉಡುತ್ತಾಳೆ ನೋಡು ಎಂದು.

ಒಂದು ಭಾನುವಾರ ಮಾತ್ರ ಬೇರೆ ತರಹದ ಫೋಟೋ ಬಂತು. ದೀಪಾವಳಿ ಕಳೆದ ಮೇಲೆ. ಅವ್ವ ಕಾರಿನೊಳಗೆ ಕುಳಿತಿದ್ದಳು. ಮುಖವಷ್ಟೇ ಕಾಣುತ್ತಿತ್ತು, ಪಕ್ಕದ ಗಾಜಿನಲ್ಲಿ ಬರೀ ಬಿಸಿಲು. ಮುಖ ಸ್ವಲ್ಪ ಬಾಡಿದೆ ಅನ್ನಿಸಿತು. ಹಿರಿಯೂರಿನಲ್ಲಿ ಯಾರದೋ ಮನೆಯ ಊಟಕ್ಕೆ ಹೊರಟಿರಬೇಕು, ಕಾರಿನ ಪ್ರಯಾಣ ಅವಳಿಗೆ ಆಗುವುದಿಲ್ಲ ಎಂದುಕೊಂಡೆ. ಹೆಬ್ಬೆರಳು ಒತ್ತಿದೆ. ಮುಂದಿನ ಭಾನುವಾರದಿಂದ ಮತ್ತೆ ಜಗಲಿ, ಹುಣಸೆ ಮರ, ಸೀರೆ.

ಶಿವರಾತ್ರಿಯ ಆಸುಪಾಸಿನಲ್ಲಿ ಅವ್ವ ಹೋದಳೆಂದು ಫೋನು ಬಂತು. ಹೆಣದ ಮುಂದೆ ಯಾವ ಶಪಥ? ಹೊಸ್ತಿಲು ತುಳಿದೆ, ಯಾರೂ ಕರೆಯದೆಯೇ. ಮೈ ತೊಳೆಯಲು ಹೆಂಗಸರು ಸೇರಿದ್ದರು, ನಾನೂ ಸೀರೆ ಎತ್ತಿ ಕಟ್ಟಿ ಹೋದೆ. ಹೊದಿಸಿದ್ದನ್ನು ಸರಿಸಿದಾಗ ನನಗೆ ಕಂಡದ್ದು ಎಲುಬಿನ ಗೂಡು. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

ನಾನು ಚೀರಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ಅಲ್ಲಿದ್ದ ಹೆಂಗಸರು ನನ್ನನ್ನು ನೋಡಿದ ನೋಟ. ಕಾಲು ತೆಗೆದಾಗಲೂ ಬಾರದವಳು ಈಗ ಏನು ನಾಟಕ ಎನ್ನುವ ನೋಟ ಅದು. ಮಣ್ಣು ಮಾಡಿ ಬಂದ ಮೇಲೆ ತಮ್ಮನನ್ನು ಹಿಡಿದು ಕೇಳಿದೆ. ಸಕ್ಕರೆ ಕಾಯಿಲೆ, ಬೆರಳಿಗೆ ಮುಳ್ಳು ಚುಚ್ಚಿತ್ತು, ಕಪ್ಪಗಾಗಿ ಮೇಲಕ್ಕೇರಿತು, ದೀಪಾವಳಿ ಹೊತ್ತಿಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ತೆಗೆದರು ಎಂದ. ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದ.

"ನಂಗ್ಯಾಕೋ ಹೇಳಲಿಲ್ಲ?"

"ಬರಲ್ಲ ಅಂದೋಳಿಗೆ ಏನಂತ ಹೇಳ್ಲಿ? ಬಂದು ನಾಲ್ಕು ಜನದ ಮುಂದೆ ನೋಡ್ಕಂಡಿಲ್ಲ ಅಂತ ರಂಪ ಮಾಡ್ತಿದ್ದೆ. ಅವ್ವನ್ನ ಎತ್ತಿ ಇಳಿಸಿ ಮಾಡಿದ್ದು ನಾವು."

ಎತ್ತಿ ಇಳಿಸಿದ್ದು ಸುಳ್ಳಲ್ಲ. ಆದರೆ ಒಂದು ಮಾತ್ರ ತಲೆಯಲ್ಲಿ ಕುಟ್ಟುತ್ತಿತ್ತು. ದೀಪಾವಳಿಗೇ ಕಾಲು ಹೋಗಿ ಮೈ ಇಳಿದಿದ್ದರೆ, ಸಂಕ್ರಾಂತಿಯ ಭಾನುವಾರ ಹುಣಸೆ ಮರದ ಕೆಳಗೆ ನಗುತ್ತಾ ಕುಳಿತಿದ್ದವಳು ಯಾರು?

ತಿಥಿಗೆ ಅವ್ವನ ಫೋಟೋ ದೊಡ್ಡದು ಮಾಡಿಸಿ ಹೂವಿನ ಹಾರ ಹಾಕಬೇಕಿತ್ತು. ಆ ಕೆಲಸ ನನಗೆ ಬಂತು. ಹಿರಿಯೂರಿನ ಸ್ಟುಡಿಯೋದವರಿಗೆ ನನ್ನ ಫೋನಿನಲ್ಲಿದ್ದದ್ದನ್ನು ತೋರಿಸಿದರೆ ತಲೆ ಆಡಿಸಿದರು. "ವಾಟ್ಸಾಪಲ್ಲಿ ಬಂದಿದ್ದು ದೊಡ್ಡದು ಮಾಡಿದ್ರೆ ಒಡೆದೋಗ್ತೈತೆ ಮೇಡಂ. ಯಾವ ಫೋನಲ್ಲಿ ತೆಗ್ದಿದ್ರೋ ಅದ್ರಿಂದ ಡಾಕ್ಯುಮೆಂಟ್ ಅಂತ ಒತ್ತಿ ಕಳಿಸ್ಕಂಡು ಬರ್ರಿ, ಇದ್ದಂಗೇ ಬರ್ತೈತೆ." ಹಟ್ಟಿಗೆ ಹೋಗಿ ತಮ್ಮನ ಹೆಂಡತಿಯ ಫೋನು ಈಸಿಕೊಂಡು, ಯಾವುದು ಚೆನ್ನಾಗಿ ಬರುತ್ತದೋ ಎಂದು ಅವ್ವನ ಫೋಟೋಗಳನ್ನೆಲ್ಲ ಹಾಗೆಯೇ ನನಗೆ ಕಳಿಸಿಕೊಂಡೆ. ಮತ್ತೆ ಸ್ಟುಡಿಯೋಗೆ ಹೋದೆ. ಅವರು ಬೇರೆ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು, ನಾನು ಬೆಂಚಿನ ಮೇಲೆ ಕುಳಿತು ಒಂದೊಂದಾಗಿ ತೆರೆದು ನೋಡುತ್ತಿದ್ದೆ. ಮುಂದಿನದಕ್ಕೆ ಸರಿಸಲು ಹೋದ ಬೆರಳು ಮೇಲಕ್ಕೆ ಜಾರಿತು. ಫೋಟೋದ ಕೆಳಗಿಂದ ಒಂದು ಬಿಳಿ ಹಾಳೆಯಂಥದ್ದು ಎದ್ದು ಬಂತು. ಅದರಲ್ಲಿ ತಾರೀಖು, ಗಂಟೆ, ಯಾವ ಫೋನಿನಲ್ಲಿ ತೆಗೆದದ್ದು, ಕೆಳಗೊಂದು ಚಿಕ್ಕ ನಕ್ಷೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಈಗ ನನಗೆ ಇದೆಲ್ಲ ಚೆನ್ನಾಗಿ ಗೊತ್ತು. ಫೋನಿನಲ್ಲಿ ಫೋಟೋ ತೆಗೆದಾಗ ಅದು ಮುಖ ಒಂದನ್ನೇ ಹಿಡಿಯುವುದಿಲ್ಲ. ಯಾವ ದಿನ, ಯಾವ ಗಳಿಗೆ, ಮತ್ತು ಫೋನಿಗೆ ಅನುಮತಿ ಕೊಟ್ಟಿದ್ದರೆ ಭೂಮಿಯ ಮೇಲೆ ಯಾವ ಜಾಗದಲ್ಲಿ ನಿಂತು ತೆಗೆದದ್ದು ಎನ್ನುವುದನ್ನೂ ಅದರ ಹೊಟ್ಟೆಯೊಳಗೆ ಬರೆದಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೇಳಿದರೆ ಹೇಳುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋದ ಹಾಗೆ ಕಳಿಸಿದರೆ ಆ ಬರಹವೆಲ್ಲ ಅಲ್ಲೇ ಕಿತ್ತುಹೋಗುತ್ತದೆ. ಈ ಕಡೆಯವರ ಫೋನಿಗೆ ಬರುವುದು ಬರೀ ಚಿತ್ರ, ಅದು ಬಂದು ಇಳಿದ ದಿನವೇ ಅದರ ತಾರೀಖು. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಒಳಗಿನದು ಒಳಗೇ ಉಳಿದು ಬರುತ್ತದೆ. ನಾನು ವಿಜ್ಞಾನದವಳಲ್ಲವೇ, ನನ್ನ ಮನೆಯ ತುಳಸಿ ಕಟ್ಟೆಯ ಫೋಟೋ ತೆಗೆದು ಎರಡೂ ರೀತಿಯಲ್ಲಿ ಕಳಿಸಿ ಪರೀಕ್ಷೆ ಮಾಡಿದ್ದೇನೆ. ಒಂದರಲ್ಲಿ ಹೊಸದುರ್ಗ ಇತ್ತು, ಇನ್ನೊಂದರಲ್ಲಿ ಏನೂ ಇರಲಿಲ್ಲ.

ಆವತ್ತು ಸ್ಟುಡಿಯೋದ ಬೆಂಚಿನ ಮೇಲೆ ಇದಾವುದೂ ಗೊತ್ತಿರಲಿಲ್ಲ. ಫೋನು ಕೆಟ್ಟಿರಬೇಕು ಎಂದುಕೊಂಡೆ. ಏಕೆಂದರೆ ಮಳೆಗಾಲದವರೆಗಿನ ಫೋಟೋಗಳ ತಾರೀಖು ಸರಿಯಾಗಿತ್ತು, ದೀಪಾವಳಿಯ ನಂತರ ನನಗೆ ಬಂದ ಸೀರೆಯ ಫೋಟೋಗಳೆಲ್ಲ ದೀಪಾವಳಿಗಿಂತ ಮುಂಚಿನ ಒಂದೇ ಬೆಳಗಿನವು. ಹಸಿರು ಸೀರೆ, ನೇರಳೆ ಸೀರೆ, ಇಳಕಲ್ ಸೀರೆ, ಬಿಳಿ ಚುಕ್ಕಿಯ ಕಾಟನ್ ಸೀರೆ, ಎಲ್ಲವೂ ತಿಂಡಿಯ ಹೊತ್ತಿನಿಂದ ಊಟದ ಹೊತ್ತಿನೊಳಗೆ. ಸರಿಯಾಗಿ ನೋಡಿದೆ. ಬೇಲಿಯ ಹಿಂದಿನ ಕುರಿಗಳ ಮೈಮೇಲೆ ತುಂಬು ಉಣ್ಣೆ. ಸಂಕ್ರಾಂತಿಯ ಹೊತ್ತಿಗೆ ನಮ್ಮ ಕುರಿಗಳ ಉಣ್ಣೆ ಕತ್ತರಿಸಿ ಮೈ ಬೋಳಾಗಿರುತ್ತದೆ. ಕುರಿಯವರ ಮನೆಯಲ್ಲಿ ಹುಟ್ಟಿದವಳು ನಾನು, ಕುರಿ ನೋಡದೆ ನನ್ನ ಸೀರೆ ನೋಡಿಕೊಂಡು ಕುಳಿತಿದ್ದೆ. ಆ ಬೆಳಗಿನ ಎಲ್ಲ ಫೋಟೋಗಳಲ್ಲೂ ಮೊಣಕಾಲಿನ ಕೆಳಗೆ ಚಿತ್ರವೇ ಇರಲಿಲ್ಲ. ಆಗಲೇ ಕಾಲಿಗೆ ಬಟ್ಟೆ ಸುತ್ತಿದ್ದರೆಂದು ಈಗ ಅರ್ಥವಾಯಿತು. ಆಸ್ಪತ್ರೆಗೆ ಸೇರಿಸುವ ಮುಂಚೆ ಅವ್ವನಿಗೆ ಸೀರೆ ಮೇಲೆ ಸೀರೆ ಉಡಿಸಿ, ಜಾಗ ಬದಲಿಸಿ ಕೂರಿಸಿ, ನನಗೆ ವಾರಕ್ಕೊಂದು ಬಡಿಸಲು ಫೋಟೋಗಳ ಉಪ್ಪಿನಕಾಯಿ ಹಾಕಿಟ್ಟಿದ್ದರು.

ಕೊನೆಗೆ ಕಾರಿನ ಫೋಟೋ ತೆರೆದೆ. ಅದರ ದಿನ ಬೇರೆ, ಅದು ನನಗೆ ಬಂದ ಭಾನುವಾರವೇ. ಬೆಳಗಿನ ಹೊತ್ತು. ನಕ್ಷೆಯ ಮೇಲೆ ಹಿರಿಯೂರು ಇರಲಿಲ್ಲ, ಹೊಸದುರ್ಗ ಎಂದಿತ್ತು. ನಕ್ಷೆಯನ್ನು ದೊಡ್ಡದು ಮಾಡುತ್ತಾ ಹೋದೆ. ಬಸ್ ನಿಲ್ದಾಣ ಬಂತು, ನಮ್ಮ ಶಾಲೆ ಬಂತು, ನಮ್ಮ ರಸ್ತೆ ಬಂತು. ಗುರುತು ನಿಂತಿದ್ದದ್ದು ನನ್ನ ಮನೆಯ ಗೇಟಿನ ಮುಂದೆ.

ಭಾನುವಾರ ಬೆಳಿಗ್ಗೆ ನಾನು ಎಲ್ಲಿಗೂ ಹೋಗುವವಳಲ್ಲ. ಮನೆಯಲ್ಲೇ ಇದ್ದೆ.

ಫೋಟೋ ದೊಡ್ಡದು ಮಾಡಿಸುವ ಮಾತು ಬಿಟ್ಟು ಹಟ್ಟಿಗೆ ವಾಪಸು ಬಂದೆ. ತಮ್ಮ ಕುರಿ ಹೊಡೆದುಕೊಂಡು ಹೋಗಿದ್ದ. ಅವನ ಹೆಂಡತಿ ಹಿತ್ತಲಲ್ಲಿ ತಿಥಿಯ ಅಡುಗೆಗೆಂದು ತಂದ ದೊಡ್ಡ ಪಾತ್ರೆಗಳನ್ನು ತೊಳೆಯುತ್ತಿದ್ದಳು. ಫೋನನ್ನು ಅವಳ ಮುಖಕ್ಕೆ ಹಿಡಿದೆ. ಅವಳು ಗಾಬರಿಯಾಗಲಿಲ್ಲ. ಕೈ ಒರೆಸಿಕೊಂಡು, "ಕುಂತ್ಕಳ್ರಿ ಅಕ್ಕ" ಎಂದಳು. ನಾನು ನಿಂತೇ ಇದ್ದೆ.

"ಆ ಸೀರೆ ಫೋಟೋ ತೆಗೆಸಿದ್ದು ಅವ್ರೇ. ಅಕ್ಕನಿಗೆ ಗೊತ್ತಾಗಂಗಿಲ್ಲ ಅಂದ್ರು. ಅತ್ತೆಗೆ ಅದೇನೂ ಗೊತ್ತಿಲ್ಲ. ಮಗಳು ಕೊಟ್ಟಿದ್ದು ಒಂದೊಂದೇ ಉಟ್ಟು ತೋರಿಸ್ತೀನಿ ಅಂತ ನಕ್ಕೊಂಡೇ ಕುಂತಿದ್ರು."

"ಕಾರಿಂದು?"

ಅವಳು ತೊಳೆದ ಪಾತ್ರೆಯೊಂದನ್ನು ಬೋರಲು ಹಾಕಿದಳು. ಆಮೇಲೆ ಹೇಳಿದಳು. ಕಾಲು ತೆಗೆದು ಚಿತ್ರದುರ್ಗದಿಂದ ಕರೆದುಕೊಂಡು ಬರುವ ದಿನ ಅವ್ವ ಹಟ ಹಿಡಿದಳಂತೆ. ಹೊಳಲ್ಕೆರೆ ಮೇಲೆ ಹೋಗಾಣ, ಹೊಸದುರ್ಗದಲ್ಲಿ ಮಗಳನ್ನು ನೋಡಿಕೊಂಡು ಹೋಗಾಣ, ಇಲ್ಲದಿದ್ದರೆ ಅನ್ನ ಮುಟ್ಟುವುದಿಲ್ಲ ಎಂದು. ತಮ್ಮ ಒಪ್ಪಿದ. ಕಾರು ನನ್ನ ಗೇಟಿನ ಮುಂದೆ ನಿಂತಿತು. ಅವ್ವನಿಗೆ ಇಳಿಯಲು ಆಗದು. ಎತ್ತಿಕೊಂಡು ಹೋಗಬೇಕಾದವನು ಸ್ಟೇರಿಂಗ್ ಹಿಡಿದುಕೊಂಡೇ ಕುಳಿತ. ನಾನು ಅಂಗಳಕ್ಕೆ ಕಾಲಿಡಲ್ಲ ಅಂದಿದ್ದೀನಿ ಎಂದ. ತಮ್ಮನ ಹೆಂಡತಿ ತಾನು ಹೋಗಿ ಕರೆಯುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. ಎರಡು ಸಲ ಹಾರನ್ ಹೊಡೆದನಂತೆ. ಬರುವವಳಾದರೆ ಅವಳೇ ಬರುತ್ತಾಳೆ ಎಂದನಂತೆ.

ನಮ್ಮ ರಸ್ತೆಯಲ್ಲಿ ದಿನವಿಡೀ ಹಾರನ್ ಹೊಡೆಯುತ್ತಾರೆ. ತರಕಾರಿಯವನು, ಗ್ಯಾಸಿನವನು, ನೀರಿನ ಟ್ಯಾಂಕರ್. ಅವ್ವನನ್ನು ಕರೆತಂದ ತಮ್ಮನ ಹಾರನ್ ಯಾವುದು ಎಂದು ನಾನು ಹೇಗೆ ತಿಳಿಯಲಿ? ಕೇಳಿಸಿರಲೂ ಬಹುದು. ಕೇಳಿಸಿದರೂ ಬಟ್ಟೆ ಹಿಂಡುತ್ತಲೇ ಇದ್ದಿರುತ್ತೇನೆ.

"ಒಂದು ಫೋನ್ ಮಾಡಬಾರದಾಗಿತ್ತೇನೇ ನೀನು? ಆಮೇಲಾದರೂ?"

"ಹೆಂಗ್ ಮಾಡ್ಲಿ ಅಕ್ಕ? ಆಸ್ಪತ್ರೆಗೆ ಹೋಗೋಕೆ ಮುಂಚೆನೇ ಮನೆದೇವ್ರ ಮುಂದೆ ನಿಲ್ಲಿಸಿ ಆಣೆ ಹಾಕ್ಸಿದ್ರು, ಅಕ್ಕನಿಗೆ ಬಾಯಿ ಬಿಡಾಕಿಲ್ಲ ಅಂತ. ಅದ್ಕೇ ಬಾಯಿ ಬಿಡದಂಗೆ ಹೇಳಾಣ ಅಂತ ಕಾರಲ್ಲೇ ಫೋಟೋ ತೆಗೆದೆ. ನನ್ನ ಫೋನಲ್ಲಿ ಫೋಟೋ ಬಿಚ್ಚಿದ್ರೆ ಊರ ಹೆಸರು ಬರ್ತೈತೆ. ಹೊಸದುರ್ಗ ಅಂತ ಬಂದಿತ್ತು. ನಿಮಗೂ ಬರ್ತೈತೆ ಅನ್ಕಂಡೆ. ನೀವು ಓದಿದೋರು, ನೋಡಿದ ತಕ್ಷಣ ಓಡಿ ಬರ್ತೀರ ಅನ್ಕಂಡೆ."

ಅವಳು ಆಣೆಯನ್ನೂ ಮುರಿಯಲಿಲ್ಲ, ನನಗೂ ಹೇಳಿದಳು. ಅವಳ ಲೆಕ್ಕದಲ್ಲಿ ಹೇಳಿಯಾಗಿತ್ತು. ಅವಳು ಕಳಿಸಿದ ಆ ಒಂದೇ ಒಂದು ಊರ ಹೆಸರು ನನ್ನ ಫೋನಿಗೆ ಬರುವ ದಾರಿಯಲ್ಲೇ ಕಿತ್ತುಹೋಗಿತ್ತು ಎಂದು ಅವಳಿಗೆ ವಿವರಿಸಿದೆ. ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ವಿವರಿಸಿದೆ, ನನ್ನ ಧ್ವನಿ ನನಗೇ ವಿಚಿತ್ರವಾಗಿ ಕೇಳುತ್ತಿತ್ತು. ಅವಳಿಗೆ ಅರ್ಥವಾಗುತ್ತಾ ಬಂದ ಹಾಗೆ ಮುಖ ಬಿಳಿಚಿಕೊಂಡಿತು.

"ಹಂಗಾರೆ ನಿಮಗೆ ಗೊತ್ತೇ ಇರ್ಲಿಲ್ವಾ ಅಕ್ಕ?"

"ಇಲ್ಲ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರು ಮಾಡಿದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಮ್ಮನ ಮೇಲೆ, ಅವನ ಮನೆದೇವರ ಮೇಲೆ, ಫೋನಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹಾರನ್ ಹೊಡೆದಾಗ ಬಟ್ಟೆ ಹಿಂಡುತ್ತಿದ್ದವಳ ಮೇಲೆ. ಅಷ್ಟಕ್ಕೇ ಬಿಟ್ಟು ಎದ್ದು ಹೋಗಬಹುದಿತ್ತು. ಆದರೆ ಕೇಳಿದೆ.

"ಅವ್ವನಿಗೆ ಏನಂತ ಹೇಳಿದ್ದೆ?"

"ಅವ್ರು ದಾರೀಲಿ ಟೀಗೆ ಇಳಿದಾಗ, ಮಗಳಿಗೆ ತಿಳಿಯಂಗೆ ಮಾಡೀನಿ ಅಂತ ಅತ್ತೆ ಕಿವಿಗೇ ಬಾಯಿಟ್ಟು ಹೇಳಿದ್ದೆ. ನೋಡಿದ್ಲಾ, ನೋಡಿದ್ಲಾ ಅಂತ ದಾರಿ ಉದ್ದಕ್ಕೂ ಕೇಳಿದ್ರು. ನೀವು ಹೆಬ್ಬೆರಳು ಒತ್ತಿದ್ರಲ್ಲ, ಅದನ್ನ ತೋರಿಸಿ ನೋಡ್ಯಾರೆ ಅತ್ತೆ, ಬರ್ತಾರೆ ಅಂದೆ."

"ಏನಂದ್ಲು?"

"ಅವತ್ತಿಂದ ಬಾಗಿಲು ಕಡೆ ಮುಖ ಬರಂಗೆ ಮಂಚ ಹಾಕ್ಸಿಕೊಂಡ್ರು. ಮಲಗೇ ಇರ್ತಿದ್ರು, ಯಾರು ಬಂದ್ರೂ ತಲೆ ಎತ್ತಿ ನೋಡೋರು. ಸಂಕ್ರಾಂತಿ ಆದ ಮೇಲೆ ಒಂದಿನ, ಮಂಚ ತಿರುಗಿಸ್ರಿ ಅಂದ್ರು. ಗೋಡೆ ಕಡೆಗೆ. ಆಮೇಲೆ ನಿಮ್ಮ ಹೆಸರೆತ್ತಲಿಲ್ಲ."

ತಿಥಿಗೆ ತಮ್ಮನೇ ಹೋಗಿ ಹಸಿರು ಸೀರೆಯ ಫೋಟೋ ದೊಡ್ಡದು ಮಾಡಿಸಿಕೊಂಡು ಬಂದ. ಬಂದವರೆಲ್ಲ ಕೈ ಮುಗಿದು, ಎಷ್ಟು ಕಳೆಯಾಗಿದ್ದಾಳೆ ನೋಡಿ, ಮಗ ಚೆನ್ನಾಗಿ ನೋಡಿಕೊಂಡ ಎಂದರು. ಅವನೊಡನೆ ನಾನು ಜಗಳ ಆಡಲಿಲ್ಲ. ಆಡಿದರೆ ಅವನಿಗೆ ನಾಚಿಕೆಯಾದೀತು, ಹೆಚ್ಚೆಂದರೆ ಅಷ್ಟೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಅಕ್ಕ ತಮ್ಮನ ಜಗಳದಲ್ಲಿ ಬಡವಾದವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಮಗಳು ಎಲ್ಲ ನೋಡಿಯೂ ಬರಲಿಲ್ಲ ಎಂದು ತಿಳಿದೇ ಸತ್ತಳು. ನನಗೆ ಗೊತ್ತಿರಲಿಲ್ಲ ಅವ್ವ ಎಂದು ಊರಿನಲ್ಲಿ ಯಾರಿಗೆ ಬೇಕಾದರೂ ಹೇಳಬಲ್ಲೆ, ಅವಳೊಬ್ಬಳಿಗೆ ಬಿಟ್ಟು.